ಹಳೇ ವಸತಿಗೃಹದಲ್ಲಿ ಎರಡು ರಾತ್ರಿ: ಸದ್ದಿಲ್ಲದ ವಾರಾಂತ್ಯಕ್ಕೆ ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಟು

ಚಿಕ್ಕ ಊರು, ನೂರಾರು ವರ್ಷದ ವಸತಿಗೃಹ ಅಂದ ತಕ್ಷಣ ಅಲ್ಲಿ ನೆಮ್ಮದಿ ಗ್ಯಾರಂಟಿ ಅಂತ ನಂಬಿಬಿಡುತ್ತೇವೆ. ಫೋಟೋದಲ್ಲಿ ಮರದ ತೊಲೆ, ಕಿಟಕಿ ಪಕ್ಕ ಒಂದು ಕುರ್ಚಿ, ಹಳದಿ ದೀಪ. ಫೋಟೋದಲ್ಲಿ ಸದ್ದು ಕೇಳಿಸುವುದಿಲ್ಲ, ಅಲ್ವಾ? ಇಂಥ ಕಟ್ಟಡಗಳನ್ನು ಊರಿನ ಅತಿ ಗಿಜಿಗುಡುವ ಜಾಗದಲ್ಲಿ ಕಟ್ಟುತ್ತಿದ್ದರು. ದಾರಿಹೋಕರು, ಕುದುರೆಗಳು, ಮೂಟೆಗಳು ನೇರವಾಗಿ ಬಂದು ಇಳಿಯಲಿ ಅನ್ನುವುದೇ ಅದರ ಉದ್ದೇಶ. ಒಂದೇ ವಸತಿಗೃಹದಲ್ಲಿ ಒಬ್ಬರಿಗೆ ಸೊಗಸಾದ ನಿದ್ದೆ, ಪಕ್ಕದವರಿಗೆ ಇಡೀ ರಾತ್ರಿ ಹೊರಳಾಟ ಆಗುವುದು ಇದಕ್ಕೇ. ಯಾವ ರಾತ್ರಿ ಹೋಗುತ್ತೀರಿ, ಯಾವ ಕೋಣೆಯಲ್ಲಿ ಮಲಗುತ್ತೀರಿ ಅನ್ನುವ ಎರಡು ವಿಷಯದಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗುತ್ತದೆ. ಎರಡನ್ನೂ ಮನೆಯಲ್ಲಿ ಕೂತೇ ಆರಿಸಿಕೊಳ್ಳಬಹುದು.

ಮೊದಲು ದಿನ ಆರಿಸಿ, ಆಮೇಲೆ ಊರು

ಒಂದೇ ರಾತ್ರಿಗೆ ಹೋಗಬೇಡಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ ಅನ್ನುವುದು ಬರೀ ಕಲ್ಪನೆ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯವಿಲ್ಲದ ಜಾಗದಲ್ಲಿ ಮೊದಲ ಸಲ ಮಲಗಿದಾಗ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚೆತ್ತುಕೊಳ್ಳುತ್ತದೆ ಅಂತ ಅವರಿಗೆ ಕಂಡುಬಂತು. ಅದೇ ಜಾಗದಲ್ಲಿ ಮತ್ತೊಮ್ಮೆ ಮಲಗಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೊದಲ ರಾತ್ರಿಯನ್ನು ಹೊಂದಿಕೊಳ್ಳುವುದಕ್ಕೆ ಬಿಟ್ಟುಬಿಡಿ. ನಿಜವಾದ ವಿಶ್ರಾಂತಿ ಎರಡನೆಯದರಿಂದ.

ಯಾವ ಎರಡು ರಾತ್ರಿ? ಸಾಮಾನ್ಯವಾಗಿ ಎಲ್ಲರೂ ಶುಕ್ರವಾರ ಮತ್ತು ಶನಿವಾರ ಹಿಡಿಯುತ್ತಾರೆ. ಹಳೇ ವಸತಿಗೃಹಗಳ ಅತಿ ಗದ್ದಲದ ರಾತ್ರಿ ಶನಿವಾರದ್ದೇ. ಸೋಮವಾರ ಒಂದು ರಜೆ ಹಾಕಲು ಆಗುವುದಾದರೆ ಶನಿವಾರ–ಭಾನುವಾರ ರಾತ್ರಿ ಉಳಿಯಿರಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಜನ ಖಾಲಿಯಾಗುತ್ತಾರೆ, ಊರೂ ಸುಮ್ಮನಾಗುತ್ತದೆ. ಆ ರಾತ್ರಿಯ ಬಾಡಿಗೆಯೂ ಎಷ್ಟೋ ಕಡೆ ಕಡಿಮೆ ಇರುತ್ತದೆ. ಒಂದು ತೊಂದರೆ ಇದೆ: ಭಾನುವಾರ ರಾತ್ರಿ ಅಡುಗೆಮನೆ ಬೇಗ ಮುಚ್ಚುವ, ಇಲ್ಲವೇ ತೆರೆಯದೇ ಇರುವ ಜಾಗಗಳು ಬೇಕಾದಷ್ಟಿವೆ. ಊಟ ಸಿಗುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಚಿಕ್ಕ ಊರಿನಲ್ಲಿ ರಾತ್ರಿ ಒಂಬತ್ತಕ್ಕೆ ಹೊಟ್ಟೆ ಹಸಿದರೆ ಬೇರೆ ದಾರಿ ಇರುವುದಿಲ್ಲ.

ಊರಿನ ಬಗ್ಗೆ ಒಂದೇ ಮಾತು. ಹಗಲು ಪ್ರವಾಸಿಗರು ಮುತ್ತಿಕೊಳ್ಳುವ ಊರು ಅಂತ ಗೊತ್ತಾದರೆ ತಕ್ಷಣ ಬೇಡ ಅನ್ನಬೇಡಿ. ಅಲ್ಲೇ ರಾತ್ರಿ ಉಳಿಯುವವರಿಗೆ ಸಿಗುವುದು ಬೇರೆಯೇ ಊರು. ಜಪಾನಿನ ನಾಗಾನೊ ಪ್ರಾಂತ್ಯದ ತ್ಸುಮಾಗೊ ಒಳ್ಳೇ ಉದಾಹರಣೆ. ಎದೊ (ಈಗಿನ ಟೋಕಿಯೊ) ಮತ್ತು ಕ್ಯೋಟೋ ನಡುವಿನ ಹಳೇ ನಕಾಸೆಂಡೊ ಹೆದ್ದಾರಿಯ 69 ತಂಗುದಾಣಗಳಲ್ಲಿ ಅದೂ ಒಂದು. 1968ರಲ್ಲಿ ಅಲ್ಲಿನ ಹಳೇ ಮನೆಗಳನ್ನು ಉಳಿಸುವ ಕೆಲಸ ಶುರುವಾಯಿತು. ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಅಂತ ಊರಿನವರೇ ಕಟ್ಟುಪಾಡು ಮಾಡಿಕೊಂಡರು. ಮುಖ್ಯಬೀದಿಗೆ ಹಗಲಿನಲ್ಲಿ ಕಾರುಗಳನ್ನು ಬಿಡುವುದಿಲ್ಲ. ಹಗಲು ಬಂದವರು ಸಂಜೆ ವಾಪಸ್ ಹೋದ ಮೇಲೆ ಆ ಬೀದಿ ಉಳಿದುಕೊಂಡವರದು. ಇಂಥ ಊರುಗಳಲ್ಲಿ ತಿರುಗಾಟವನ್ನೆಲ್ಲ ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ನಡುವಿನ ಹೊತ್ತು ಕೋಣೆ, ಪುಸ್ತಕ, ನಿದ್ದೆ.

ಕಟ್ಟಡ ಹೇಗಿದೆ ನೋಡಿದರೆ ಸದ್ದು ಎಲ್ಲಿಂದ ಬರುತ್ತದೆ ಗೊತ್ತಾಗುತ್ತದೆ

ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ಹಂತ. ಕೋಣೆ ಆರಿಸುವುದು ಪೂರ್ತಿ ಇದರ ಮೇಲೆಯೇ ನಿಂತಿದೆ.

ಇಂಗ್ಲೆಂಡಿನ ಹಳೇ ಕೋಚ್ (ಪ್ರಯಾಣಿಕರ ಕುದುರೆಗಾಡಿ) ವಸತಿಗೃಹಗಳನ್ನು ತೆಗೆದುಕೊಳ್ಳಿ. 1784ರ ಆಗಸ್ಟ್‌ನಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಅಂಚೆ ಕೋಚ್ ಓಡಿತು. ಆಮೇಲಿನ ಅರ್ಧ ಶತಮಾನ ಈ ವಸತಿಗೃಹಗಳಿಗೆ ಸುಗ್ಗಿ. ದಾರಿಯುದ್ದಕ್ಕೂ ಕುದುರೆ ಬದಲಿಸಬೇಕಿತ್ತು, ಜನ ಊಟ ಮಾಡಬೇಕಿತ್ತು, ಮಲಗಬೇಕಿತ್ತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಶುರುವಾಯಿತು, ರೈಲು ಹರಡಿದಂತೆಲ್ಲ ಕೋಚ್‌ಗಳ ಕಾಲ ಮುಗಿಯಿತು. ಆದರೆ ಕಟ್ಟಡದ ಆಕಾರ ಉಳಿದುಕೊಂಡಿತು. ಮುಂಭಾಗ ಮುಖ್ಯರಸ್ತೆಗೆ. ನಡುವೆ ಗಾಡಿ ಒಳಬರುವ ಕಮಾನು. ಒಳಗೆ ಅಂಗಳ. ಹಿಂದೆ ಕುದುರೆ ಲಾಯ. ಈಗ ಲೆಕ್ಕ ಹಾಕಿ. ಮುಂಭಾಗದ ಕೋಣೆಗೆ ರಸ್ತೆಯ ಸದ್ದು. ಕಮಾನಿನ ಮೇಲಿನ ಕೋಣೆ ನೋಡಲು ಚೆಂದ, ಆದರೆ ಕೆಳಗೆ ಹೋಗುವ ಪ್ರತಿ ಕಾರು, ಪ್ರತಿ ಮಾತು ಕಮಾನಿನಲ್ಲಿ ದನಿಗೂಡಿ ಮೇಲೆ ಬರುತ್ತದೆ. ಅಂಗಳ ಈಗ ಕಾರು ನಿಲ್ಲಿಸುವ ಜಾಗವೋ, ಸಂಜೆ ಕುಡಿಯುತ್ತ ಕೂರುವ ಜಾಗವೋ ಆಗಿರುತ್ತದೆ. ಹಿಂದಿನ ಲಾಯವನ್ನು ಕೋಣೆಗಳಾಗಿ ಮಾಡಿರುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ನಿದ್ದೆಗೆ ಲಾಯದ ಕೋಣೆಯೇ ಮೇಲು. ನೆಲಮಟ್ಟದಲ್ಲಿರುತ್ತದೆ, ಮೇಲೆ ಯಾರೂ ಓಡಾಡುವುದಿಲ್ಲ, ಬಾತ್‌ರೂಮನ್ನು ಹೊಸದಾಗಿ ಕಟ್ಟಿರುತ್ತಾರೆ, ಬಾರ್ ದೂರ. ಮಂಡಿನೋವಿನವರಿಗೆ, ವಯಸ್ಸಾದ ಅಪ್ಪ ಅಮ್ಮನಿಗೆ ಇದೇ ಸರಿ. ‘ಅಸಲಿ ಕಟ್ಟಡದಲ್ಲೇ ಮಲಗಬೇಕು’ ಅನ್ನುವ ಹಟ ಬಿಟ್ಟರೆ ಸಾಕು. ಹಗಲು ಹೇಗೂ ಅಸಲಿ ಕಟ್ಟಡದಲ್ಲೇ ಕೂರುತ್ತೀರಿ.

ಪರ್ಷಿಯಾದ ಕಾರವಾನ್‌ಸರಾಯಿಗಳ, ಅಂದರೆ ವ್ಯಾಪಾರಿ ತಂಡಗಳು ದಾರಿಯಲ್ಲಿ ತಂಗುತ್ತಿದ್ದ ಕಟ್ಟಡಗಳ ವಿಷಯ ತಿರುಗುಮುರುಗು. ಯುನೆಸ್ಕೊ 2023ರಲ್ಲಿ ಇರಾನಿನ ಇಂಥ 54 ಕಟ್ಟಡಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಹೊರಗಡೆಗೆ ದಪ್ಪ ಗೋಡೆ, ಒಂದೇ ದೊಡ್ಡ ಬಾಗಿಲು. ಕೋಣೆಗಳೆಲ್ಲ ನಡುವಿನ ಅಂಗಳಕ್ಕೆ ತೆರೆದುಕೊಳ್ಳುತ್ತವೆ. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಅಂಗಳದಲ್ಲಿ ನಾಲ್ಕು ಜನ ಜೋರಾಗಿ ಹರಟಿದರೆ ಎಲ್ಲ ಕೋಣೆಗೂ ಸಮಪಾಲು. ತೊಟ್ಟಿಯಂತೆ ನಡುವೆ ಬಯಲು ಬಿಟ್ಟು ಕಟ್ಟಿದ ಯಾವ ಹಳೇ ವಸತಿಗೃಹಕ್ಕೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಮೂಲೆಯ ಕೋಣೆ, ದ್ವಾರದಿಂದ ದೂರದ ಕೋಣೆ ಕೇಳಿ.

ಗೋಡೆಗಿಂತ ನೆಲದ ಬಗ್ಗೆ ಜಾಸ್ತಿ ಯೋಚಿಸಿ. ಎರಡಡಿ ದಪ್ಪದ ಕಲ್ಲುಗೋಡೆ ಮಾತಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಮರದ ತೊಲೆ, ಮರದ ಹಲಗೆಯ ನೆಲ ಹಾಗಲ್ಲ. ಮೇಲಿನವರ ಹಿಮ್ಮಡಿ ನೆಲಕ್ಕೆ ಬಡಿದರೆ ಆ ಪೆಟ್ಟು ತೊಲೆಗುಂಟ ಸಾಗಿ ನಿಮ್ಮ ಚಾವಣಿಯಲ್ಲಿ ಕೇಳಿಸುತ್ತದೆ. ಕಿವಿಗೆ ಹತ್ತಿ ಇಟ್ಟರೂ ಅದು ಪೂರ್ತಿ ಹೋಗುವುದಿಲ್ಲ. ಇದಕ್ಕೆ ಮದ್ದು ಒಂದೇ: ಮೇಲೆ ಇನ್ನೊಂದು ಕೋಣೆ ಇಲ್ಲದ ಕೋಣೆ. ಅಂದರೆ ಕೊನೇ ಮಹಡಿ. ಕೊನೇ ಮಹಡಿಯ ಬೆಲೆ ಏನು ಅನ್ನುವುದೂ ಗೊತ್ತಿರಲಿ. ಕಡಿದಾದ ಮೆಟ್ಟಿಲು, ತಗ್ಗು ಚಾವಣಿ, ಬೇಸಿಗೆಯಲ್ಲಿ ಸೆಕೆ. ಲಿಫ್ಟ್ ಇರುವುದು ಅಪರೂಪ. ಸಂರಕ್ಷಿತ ಕಟ್ಟಡವಾದರೆ ಮಾಲೀಕರಿಗೆ ಮನಸ್ಸಿದ್ದರೂ ಅನುಮತಿ ಇಲ್ಲದೆ ಲಿಫ್ಟ್ ಹಾಕುವಂತಿಲ್ಲ. ಕಿಟಕಿ ಬದಲಿಸುವುದಕ್ಕೂ ಅಷ್ಟೇ. ಒಂಟಿ ಗಾಜಿನ ಹಳೇ ಕಿಟಕಿಗಳು ಇನ್ನೂ ಉಳಿದಿರುವುದಕ್ಕೆ ಒಂದು ಕಾರಣ ಇದು. ಕೆಲವರು ಹಳೇ ಕಿಟಕಿಯನ್ನು ಹಾಗೇ ಬಿಟ್ಟು ಒಳಗಡೆಯಿಂದ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿರುತ್ತಾರೆ. ಅಂಥದ್ದಿದ್ದರೆ ರಸ್ತೆ ಕಡೆಯ ಕೋಣೆಗೂ ಧೈರ್ಯವಾಗಿ ಹೂಂ ಅನ್ನಬಹುದು.

ಇನ್ನು ಯಂತ್ರದ ಸದ್ದುಗಳು. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು, ಬಾರಿನ ಹಿಂದೆ ಖಾಲಿ ಬಾಟಲಿ ಸುರಿಯುವ ಡಬ್ಬ, ಬೆಳಗಿನ ಜಾವ ಸಾಮಾನು ತರುವ ಲಾರಿ. ಇವೆಲ್ಲ ಇರುವುದು ಹಿಂಭಾಗದಲ್ಲೇ. ‘ಹಿಂದಿನ ಕೋಣೆ ಕೊಡಿ’ ಅಂತ ಕಣ್ಣುಮುಚ್ಚಿ ಕೇಳಿದವರು ಸಿಕ್ಕಿಬೀಳುವುದು ಇಲ್ಲಿ. ಮೊಬೈಲಿನಲ್ಲಿ ಮ್ಯಾಪ್ ತೆರೆದು ಉಪಗ್ರಹ ಚಿತ್ರ ಹಾಕಿ ನೋಡಿ. ಹಿಂದೆ ಏನಿದೆ, ಅಡುಗೆಮನೆ ಯಾವ ಮೂಲೆ, ರೈಲು ಹಳಿ ಎಷ್ಟು ದೂರ, ಪಕ್ಕದಲ್ಲಿ ಗಂಟೆ ಗೋಪುರ ಇದೆಯೇ? ಕೆಲವು ಗೋಪುರಗಳು ಹದಿನೈದು ನಿಮಿಷಕ್ಕೊಮ್ಮೆ ಹೊಡೆಯುತ್ತವೆ, ರಾತ್ರಿಯೂ ಬಿಡುವುದಿಲ್ಲ.

ಫೋನ್ ಮಾಡಿ, ಆದರೆ ‘ಶಾಂತವಾಗಿದೆಯಾ’ ಅಂತ ಕೇಳಬೇಡಿ

ಹಾಗೆ ಕೇಳಿದರೆ ‘ಹೂಂ, ತುಂಬಾ ಶಾಂತ’ ಅನ್ನುವ ಉತ್ತರವೇ ಬರುತ್ತದೆ. ಕಣ್ಣಿಗೆ ಕಾಣುವ ವಿಷಯ ಕೇಳಬೇಕು. ಈ ಕೋಣೆಯ ಕೆಳಗೆ ಏನಿದೆ? ಮೇಲೆ ಕೋಣೆ ಇದೆಯಾ? ಕಿಟಕಿ ಯಾವ ಕಡೆಗೆ? ಬಾತ್‌ರೂಮ್ ಒಳಗೇ ಇದೆಯಾ, ಹಂಚಿಕೊಳ್ಳಬೇಕಾ? ಮೆಟ್ಟಿಲು ಎಷ್ಟು? ಇವಕ್ಕೆ ಯಾರೂ ಸುಮ್ನೆ ಹೂಂ ಅನ್ನಲು ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ‘ಆ ವಾರಾಂತ್ಯ ನಿಮ್ಮಲ್ಲಿ ಮದುವೆ, ಪಾರ್ಟಿ, ಸಂಗೀತ ಏನಾದರೂ ಇದೆಯಾ?’ ಹತ್ತು ಹದಿನೈದು ಕೋಣೆಯ ಜಾಗದಲ್ಲಿ ಒಂದು ಮದುವೆ ಇದ್ದರೆ ಮುಗಿಯಿತು, ನೀವು ಆ ಮದುವೆಯ ಕರೆಯದ ಅತಿಥಿ. ಊರಿನ ಜಾತ್ರೆ, ಸಂತೆಯ ದಿನವನ್ನೂ ಕೇಳಿ. ಕಾಮಗಾರಿ ನಡೆಯುತ್ತಿದೆಯೇ ಅಂತಲೂ ಕೇಳಿ. ಹಳೇ ಕಟ್ಟಡದಲ್ಲಿ ಒಂದಲ್ಲ ಒಂದು ರಿಪೇರಿ ಇದ್ದೇ ಇರುತ್ತದೆ.

ಮಾತು ಹೀಗೆ ಶುರು ಮಾಡಬಹುದು: ‘ನಮಸ್ಕಾರ, ನಾವಿಬ್ಬರು ಶನಿವಾರ, ಭಾನುವಾರ ರಾತ್ರಿ ಉಳಿಯಬೇಕು ಅಂತಿದ್ದೀವಿ. ನನಗೆ ಸ್ವಲ್ಪ ಸದ್ದಾದರೂ ಎಚ್ಚರ ಆಗುತ್ತೆ. ನೀವೇ ಅಲ್ಲಿ ಮಲಗುವುದಾದರೆ ಯಾವ ಕೋಣೆ ತಗೋತೀರಿ?’ ಈ ಕೊನೇ ಪ್ರಶ್ನೆ ಕೇಳಿದ ಕೂಡಲೇ ಆ ಕಡೆಯವರ ದನಿ ಬದಲಾಗುತ್ತದೆ. ಮಾರುವ ಮಾತು ಬಿಟ್ಟು ‘ಐದನೇ ನಂಬರ್ ಬೇಡ, ಅದು ಅಡುಗೆಮನೆ ಮೇಲಿದೆ’ ಅನ್ನುವ ಥರದ ಉತ್ತರ ಬರುತ್ತದೆ. ನಿಮಗೆ ಬೇಕಾಗಿರುವುದು ಅದೇ.

ಆನ್‌ಲೈನ್ ಬುಕಿಂಗ್ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕೋಣೆಯ ಬಗೆ ಸಿಗುತ್ತದೆ, ಕೋಣೆಯ ನಂಬರ್ ಸಿಗುವುದಿಲ್ಲ. ಹೊಸ ಹೋಟೆಲಿನಲ್ಲಿ ಇದರಿಂದ ವ್ಯತ್ಯಾಸ ಆಗುವುದಿಲ್ಲ, ಎಲ್ಲ ಕೋಣೆಯೂ ಒಂದೇ ಅಚ್ಚು. ಹಳೇ ವಸತಿಗೃಹದಲ್ಲಿ ಒಂದೇ ಬಾಡಿಗೆಯ ಎರಡು ಕೋಣೆಗಳಲ್ಲಿ ಒಂದು ಸ್ವರ್ಗ, ಇನ್ನೊಂದು ಬಾರಿನ ಅಟ್ಟ. ಆ್ಯಪ್‌ನಲ್ಲಿ ವಿಮರ್ಶೆ ಓದಿ, ಬುಕಿಂಗ್ ನೇರವಾಗಿ ಮಾಡಿ. ಕೋಣೆಯ ನಂಬರನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬುಕಿಂಗ್ ರದ್ದು ಮಾಡುವ ನಿಯಮವನ್ನೂ ಅದೇ ಮೆಸೇಜಿನಲ್ಲಿ. ವಿಮರ್ಶೆ ಓದುವಾಗ ಐದು ನಕ್ಷತ್ರದವರನ್ನೂ ಒಂದು ನಕ್ಷತ್ರದವರನ್ನೂ ಬಿಟ್ಟು ಮೂರು ನಕ್ಷತ್ರ ಕೊಟ್ಟವರನ್ನು ಓದಿ. ಖುಷಿಯಲ್ಲೂ ಇಲ್ಲದ, ಸಿಟ್ಟಲ್ಲೂ ಇಲ್ಲದ ಜನ ವಿವರ ಬರೆಯುತ್ತಾರೆ.

‘ಅತಿ ಹಳೆಯದು’ ಅಂದರೆ ಯಾವುದು ಹಳೆಯದು?

ಬೋರ್ಡಿನ ಮೇಲಿನ ಇಸವಿ ಮೂರು ಬಗೆಯದಿರಬಹುದು: ವ್ಯವಹಾರದ ವಯಸ್ಸು, ಜಾಗದ ವಯಸ್ಸು, ಕಟ್ಟಡದ ವಯಸ್ಸು. ಜಪಾನಿನ ನಿಶಿಯಾಮಾ ಒನ್ಸೆನ್ ಕೇಯುನ್‌ಕಾನ್ 705ರಲ್ಲಿ ಶುರುವಾಯಿತು ಅನ್ನುತ್ತಾರೆ. ಜಗತ್ತಿನ ಅತಿ ಹಳೆಯ ಹೋಟೆಲ್ ಅಂತ ಗಿನ್ನೆಸ್ ಕೂಡ ಅದನ್ನು ಗುರುತಿಸಿದೆ. ಆದರೆ ಈಗ ಅಲ್ಲಿ ನಿಂತಿರುವುದು ಆ ಕಾಲದ ಕಟ್ಟಡ ಅಲ್ಲ. ಲಂಡನ್ನಿನ ಜಾರ್ಜ್ ಇನ್ ಅನ್ನುವ ವಸತಿಗೃಹದ ಜಾಗ ಅದರ ಕಟ್ಟಡಕ್ಕಿಂತ ಹಳೆಯದು, ಕಟ್ಟಡ ಮಾತ್ರ 1676ರ ಬೆಂಕಿಯ ನಂತರ 1677ರಲ್ಲಿ ಮತ್ತೆ ಕಟ್ಟಿದ್ದು. ಅದರಲ್ಲೂ ಈಗ ಉಳಿದಿರುವುದು ಒಂದು ಪಕ್ಕ. ಉಳಿದ ಭಾಗವನ್ನು ರೈಲ್ವೆಯವರು ಕೆಡವಿದರು.

ಇದರಿಂದ ನಿಮಗೇನು? ಹಳೇ ಗೋಡೆಗಳ ನಡುವೆ ಮಲಗುವ ಆಸೆಯಿಂದಲೇ ಹಣ ಕೊಡುತ್ತಿದ್ದರೆ, ‘ನೀವು ಕೊಡುವ ಕೋಣೆ ಯಾವ ಕಾಲದ ಭಾಗದಲ್ಲಿದೆ?’ ಅಂತ ಕೇಳಿ. ಬರೀ ನಿದ್ದೆ ಬೇಕಾದವರು ಈ ಪ್ರಶ್ನೆ ಬಿಟ್ಟುಬಿಡಬಹುದು.

ಬ್ಯಾಗು

ಚಕ್ರದ ದೊಡ್ಡ ಪೆಟ್ಟಿಗೆ ಬೇಡ. ಕಿರಿದಾದ ತಿರುವು ಮೆಟ್ಟಿಲಲ್ಲಿ ಅದನ್ನು ಎತ್ತಿ ಹತ್ತುವುದೇ ಒಂದು ಶಿಕ್ಷೆ. ಮರದ ನೆಲದ ಮೇಲೆ ಎಳೆದರೆ ಇಡೀ ಮಹಡಿಗೆ ಶಿಕ್ಷೆ. ಮೆತ್ತನೆಯ ಕೈಚೀಲ ಇಲ್ಲವೇ ಬೆನ್ನಿಗೆ ಹಾಕುವ ಬ್ಯಾಗು ಸಾಕು. ಕಿವಿಗೆ ಇಟ್ಟುಕೊಳ್ಳುವ ಇಯರ್ ಪ್ಲಗ್, ಸಣ್ಣ ಟಾರ್ಚ್, ಮೆತ್ತನೆ ತಳದ ಚಪ್ಪಲಿ, ಉದ್ದ ವೈರಿನ ಚಾರ್ಜರ್ ಇರಲಿ. ಹಳೇ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಒಂದೇ ಇರುತ್ತದೆ, ಅದೂ ಮಂಚದಿಂದ ದೂರದ ಗೋಡೆಗೆ.

ಮ್ಯಾಪನ್ನು, ಓದುವ ಪುಸ್ತಕವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದಪ್ಪ ಕಲ್ಲುಗೋಡೆ ವೈಫೈಯನ್ನು ನುಂಗಿಬಿಡುತ್ತದೆ. ಫೋನಿನಲ್ಲಿ 5 ಗಿಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಅಂತ ಎರಡು ಹೆಸರು ಕಾಣಿಸಿದರೆ ಎರಡನೆಯದು ಹಿಡಿಯಿರಿ. ಅದು ಗೋಡೆ ದಾಟುವುದರಲ್ಲಿ ಸ್ವಲ್ಪ ಮೇಲು. ಕೆಲಸದ ವಿಡಿಯೊ ಕಾಲ್ ಇದ್ದರೆ ಆ ವಾರ ಹೋಗಲೇಬೇಡಿ.

ತಲುಪಿದ ಮೇಲಿನ ಮೊದಲ ಅರ್ಧ ಗಂಟೆ

ಇಂಥ ಜಾಗಗಳಲ್ಲಿ ಇಡೀ ರಾತ್ರಿ ಕೌಂಟರಿನಲ್ಲಿ ಯಾರೂ ಕೂತಿರುವುದಿಲ್ಲ. ತಡವಾಗಿ ತಲುಪುವುದಾದರೆ ಕೀಲಿ ಎಲ್ಲಿ ಸಿಗುತ್ತದೆ, ಹೊರಬಾಗಿಲು ಎಷ್ಟಕ್ಕೆ ಮುಚ್ಚುತ್ತದೆ ಅಂತ ಹೊರಡುವ ಮುಂಚೆ ಕೇಳಿಕೊಳ್ಳಿ. ಸಾಧ್ಯವಾದರೆ ಬೆಳಕಿರುವಾಗಲೇ ತಲುಪಿ.

ಕೋಣೆಗೆ ಹೋದ ಕೂಡಲೇ ಬ್ಯಾಗ್ ಬಿಚ್ಚಬೇಡಿ. ಕಿಟಕಿ ಬಾಗಿಲು ಮುಚ್ಚಿ ಎರಡು ನಿಮಿಷ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಫ್ರಿಜ್ಜಿನ ಗುಂಯ್ ಸದ್ದು, ಪೈಪಿನ ಟಕಟಕ, ಪಕ್ಕದವರ ಟಿವಿ ಎಲ್ಲ ಆಗಲೇ ಗೊತ್ತಾಗುತ್ತದೆ. ಕೋಣೆ ಬದಲಿಸಿ ಅಂತ ಕೇಳಲು ಇದೇ ಸರಿಯಾದ ಹೊತ್ತು. ಹಾಸಿಗೆ ಮುದುಡಿರುವುದಿಲ್ಲ, ಬಾತ್‌ರೂಮ್ ಒದ್ದೆಯಾಗಿರುವುದಿಲ್ಲ, ಅವರಿಗೂ ಬದಲಿಸಿಕೊಡುವುದು ಸುಲಭ. ರಾತ್ರಿ ಹನ್ನೊಂದಕ್ಕೆ ಕೇಳಿದರೆ ಕೊಡಲು ಅವರ ಹತ್ತಿರ ಕೋಣೆಯೂ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ. ಕೇಳುವಾಗ ದೂರಿನ ದನಿ ಬೇಡ. ‘ಇನ್ನೊಂದು ಕೋಣೆ ನೋಡಬಹುದಾ?’ ಅಂದರೆ ಸಾಕು.

ಸಣ್ಣಪುಟ್ಟ ಸದ್ದಿಗೆ ನೀವೇ ಏನಾದರೂ ಮಾಡಬಹುದು. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿ ಇಡಿ, ಸದ್ದು ನುಸುಳುವುದು ಗೋಡೆಯಿಂದಲ್ಲ, ಸಂದಿಗಳಿಂದ. ಅಲುಗುವ ಕಿಟಕಿಗೆ ಮಡಿಸಿದ ಕಾಗದ ಸಿಗಿಸಿ. ಕಿರುಗುಟ್ಟುವ ಹಲಗೆ ಯಾವುದು ಅಂತ ಹಗಲೇ ನೋಡಿಟ್ಟುಕೊಂಡರೆ ರಾತ್ರಿ ಬಾತ್‌ರೂಮಿಗೆ ಹೋಗುವಾಗ ದಾಟಿ ನಡೆಯಬಹುದು. ಕೆಳಗೆ ಮಲಗಿದವರಿಗೂ ನಿದ್ದೆ ಬೇಕಲ್ಲ! ನೆಲ ಸ್ವಲ್ಪ ವಾಲಿದ್ದರೆ ಗಾಬರಿ ಬೇಡ. ಶತಮಾನಗಳಲ್ಲಿ ಮರ ಬಾಗುತ್ತದೆ, ಅಡಿಪಾಯ ಕುಸಿದು ನಿಲ್ಲುತ್ತದೆ. ಬಾಗಿಲ ಚೌಕಟ್ಟು ತಗ್ಗಿದ್ದರೆ ಮಾತ್ರ ಮೊದಲ ದಿನವೇ ತಲೆ ಬಗ್ಗಿಸುವ ಅಭ್ಯಾಸ ಮಾಡಿಕೊಳ್ಳಿ.

ಸುರಕ್ಷತೆಯ ವಿಷಯದಲ್ಲಿ ಉದಾಸೀನ ಬೇಡ. ಹಳೇ ಮರದ ಕಟ್ಟಡಕ್ಕೆ ದೊಡ್ಡ ಶತ್ರು ಬೆಂಕಿ. ನಿಮ್ಮ ಕೋಣೆಯಿಂದ ಹೊರಹೋಗುವ ದಾರಿಯನ್ನು ಒಮ್ಮೆ ನಡೆದೇ ನೋಡಿ, ಎರಡನೇ ದಾರಿ ಇದೆಯೇ ಕೇಳಿ. ಮೇಣದಬತ್ತಿ, ಊದುಬತ್ತಿ ಹಚ್ಚಬೇಡಿ. ಹೊಗೆ ಗುರುತಿಸುವ ಅಲಾರಂಗೆ ಬಟ್ಟೆ ಮುಚ್ಚಬೇಡಿ. ಒಂದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ, ಕೆಟಲ್ ಎರಡನ್ನೂ ಹಾಕಬೇಡಿ. ಟಾರ್ಚ್ ದಿಂಬಿನ ಪಕ್ಕ ಇರಲಿ.

ಬಿಸಿನೀರು ಹಲವು ಕೋಣೆಗೆ ಒಂದೇ ಬಾಯ್ಲರಿನಿಂದ ಬರಬಹುದು. ಬೆಳಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಕೊನೆಯವರಿಗೆ ತಣ್ಣೀರೇ ಗತಿ. ಬೇಗ ಇಲ್ಲವೇ ತಡವಾಗಿ ಸ್ನಾನ ಮಾಡಿ, ಬಿಸಿ ಬರುವವರೆಗೆ ಸ್ವಲ್ಪ ಹೊತ್ತು ನೀರು ಬಿಡಿ.

ನಡುವಿನ ದಿನ

ಈ ದಿನಕ್ಕೆ ಪಟ್ಟಿ ಮಾಡಬೇಡಿ. ಬೆಳಗ್ಗೆ ಒಂದು, ಸಂಜೆ ಒಂದು, ಅಷ್ಟೇ. ಸುತ್ತಲಿನ ಹತ್ತು ಜಾಗ ನೋಡಿ ಬರುವ ಆಸೆ ಇದ್ದರೆ ಬಸ್ ಸ್ಟ್ಯಾಂಡ್ ಪಕ್ಕದ ಯಾವ ಲಾಡ್ಜಾದರೂ ನಡೆಯುತ್ತದೆ, ಇಲ್ಲಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ಬೆಳಗಿನ ತಿಂಡಿಗೆ ಕೊನೇ ಪಾಳಿಯಲ್ಲಿ ಹೋಗಿ. ಜನ ಚದುರಿರುತ್ತಾರೆ, ಮಾಲೀಕರಿಗೋ ಹಳೇ ಕೆಲಸಗಾರರಿಗೋ ಮಾತಾಡಲು ಪುರುಸೊತ್ತು ಸಿಕ್ಕಿರುತ್ತದೆ. ‘ಇದರ ಇತಿಹಾಸ ಹೇಳಿ’ ಅಂದರೆ ಬಾಯಿಪಾಠದ ಕಥೆ ಬರುತ್ತದೆ. ಯಾರೋ ರಾಜ ಮಲಗಿದ್ದ ಕೋಣೆ, ಬಿಳಿ ಸೀರೆಯ ದೆವ್ವ, ಇತ್ಯಾದಿ. ಒಂದು ಸಣ್ಣ ವಸ್ತು ತೋರಿಸಿ ಕೇಳಿ. ಈ ಬಾಗಿಲನ್ನು ಯಾಕೆ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ? ಈ ಗೋಡೆಯ ಕೊಂಡಿ ಯಾತಕ್ಕೆ? ಮೆಟ್ಟಿಲು ಒಂದೇ ಪಕ್ಕ ಯಾಕೆ ಸವೆದಿದೆ? ಆಗ ಅವರಿಗೆ ನಿಜವಾಗಿ ಗೊತ್ತಿರುವುದು ಹೊರಗೆ ಬರುತ್ತದೆ. ಪಡಸಾಲೆಯಲ್ಲಿ ತೂಗುಹಾಕಿದ ಹಳೇ ಫೋಟೋ ಇದ್ದರೆ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಅದೇ ಜಾಗದಲ್ಲಿ ಹೊರಗೆ ನಿಂತು ಹೋಲಿಸಿ ನೋಡಿ. ಯಾವ ಕಿಟಕಿ ಹೋಯಿತು, ಯಾವ ಮಹಡಿ ಆಮೇಲೆ ಬಂತು ಅಂತ ಹುಡುಕುವುದರಲ್ಲಿ ಒಂದು ಗಂಟೆ ಸರಾಗವಾಗಿ ಕಳೆಯುತ್ತದೆ. ಮಕ್ಕಳಿದ್ದರೆ ಈ ಕೆಲಸ ಅವರಿಗೆ ವಹಿಸಿ.

ಮಧ್ಯಾಹ್ನ ಎರಡರಿಂದ ನಾಲ್ಕು ಇಂಥ ಜಾಗಗಳ ಅತಿ ಸೊಗಸಾದ ಹೊತ್ತು. ಕೋಣೆ ಬಿಟ್ಟವರು ಹೋಗಿರುತ್ತಾರೆ, ಹೊಸಬರು ಬಂದಿರುವುದಿಲ್ಲ. ಮೊಗಸಾಲೆಯ ಒಳ್ಳೇ ಕುರ್ಚಿ ಖಾಲಿ ಇರುತ್ತದೆ. ತಿರುಗಾಟಕ್ಕೆ ಹೊರಟು ಈ ಹೊತ್ತನ್ನು ಹಾಳು ಮಾಡಿಕೊಳ್ಳಬೇಡಿ.

ಹೊರಡುವ ದಿನ

ಬಿಲ್ಲನ್ನು ಹಿಂದಿನ ಸಂಜೆಯೇ ಚುಕ್ತಾ ಮಾಡಿಬಿಡಿ. ಬೆಳಗ್ಗೆ ಕೌಂಟರಿನಲ್ಲಿ ಒಬ್ಬರೇ ಇರುತ್ತಾರೆ, ಅವರೇ ತಿಂಡಿಯನ್ನೂ ಬಡಿಸುತ್ತಿರುತ್ತಾರೆ. ಅರ್ಧ ದಿನ ಹೆಚ್ಚು ಇರಬೇಕು ಅನ್ನಿಸಿದರೆ ಕೇಳಲು ಸಂಕೋಚ ಬೇಡ. ಭಾನುವಾರ ರಾತ್ರಿ ಕೋಣೆಗಳು ಖಾಲಿ ಇದ್ದರೆ ಸೋಮವಾರ ಮಧ್ಯಾಹ್ನದವರೆಗೆ ಬಿಟ್ಟುಕೊಡುವವರು ಉಂಟು.

ವಿಮರ್ಶೆ ಬರೆಯುವುದಾದರೆ ‘ಸೂಪರ್ ಜಾಗ’ ಅಂತ ಬರೆದು ಬಿಡಬೇಡಿ. ಕೋಣೆಯ ನಂಬರ್, ಕಿಟಕಿ ಯಾವ ಕಡೆ, ಯಾವ ರಾತ್ರಿ ಉಳಿದಿರಿ, ಯಾವ ಸದ್ದು ಎಷ್ಟು ಹೊತ್ತಿಗೆ ಬಂತು, ಮೆಟ್ಟಿಲು ಹೇಗಿದೆ, ಇಷ್ಟು ಬರೆಯಿರಿ. ನೆಲ ಕಿರುಗುಟ್ಟುತ್ತದೆ ಅಂತ ನಕ್ಷತ್ರ ಕಡಿಮೆ ಮಾಡುವುದು ನ್ಯಾಯ ಅಲ್ಲ. ಆದರೆ ಮದುವೆ ಇದೆ ಅನ್ನುವುದನ್ನು ಕೇಳಿದರೂ ಮುಚ್ಚಿಟ್ಟಿದ್ದರೆ ಅದನ್ನು ಖಂಡಿತ ಬರೆಯಿರಿ.